ಸಾಲಿಡ್ ಮಾಡೆಲ್‌ನಿಂದ ಫ್ಲಾಟ್ ಪ್ಯಾಟರ್ನ್: ಯಾವ ಮಾಡೆಲ್‌ಗೆ ಯಾವ ದಾರಿ?

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವ ಸಾಫ್ಟ್‌ವೇರ್‌ನಲ್ಲಿ, ಸಾಲಿಡ್ ಮಾಡೆಲ್ (ಮೂರು ಆಯಾಮದ ಆಕಾರ) ತಯಾರಾಗಿದೆ. ಈಗ ಅದನ್ನು ತಗಡಿನಲ್ಲಿ ಮಾಡಿಸಬೇಕು. ಲೇಸರ್ ಕಟಿಂಗ್‌ಗೆ ಕೊಡಲು ಬೇಕಾಗಿರುವುದು ಅದನ್ನು ಬಿಡಿಸಿ ಹಾಸಿದ ಚಪ್ಪಟೆ ನಕ್ಷೆ, ಅಂದರೆ ಫ್ಲಾಟ್ ಪ್ಯಾಟರ್ನ್. ಇಲ್ಲಿಂದ ಐದು ದಾರಿಗಳಿವೆ. ಇದ್ದ ಮಾಡೆಲನ್ನೇ ಶೀಟ್ ಮೆಟಲ್‌ಗೆ ಕನ್ವರ್ಟ್ ಮಾಡಬಹುದು. ಶೀಟ್ ಮೆಟಲ್ ಟೂಲ್‌ಗಳಲ್ಲಿ ಮೊದಲಿನಿಂದ ಮತ್ತೆ ಕಟ್ಟಬಹುದು. ಮೇಲ್ಮೈಯನ್ನು ಮಾತ್ರ ತೆಗೆದು ಹಾಸಬಹುದು. ಕಾಗದದ ಮೇಲೆ ಲೆಕ್ಕ ಹಾಕಬಹುದು. ಇಲ್ಲವೇ ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳಲ್ಲಿ ತೆರೆಯಬಹುದಾದ 3ಡಿ ಮಾಡೆಲ್ ಫೈಲ್) ಕೊಟ್ಟು, ಬಿಡಿಸುವ ಕೆಲಸವನ್ನು ತಗಡು ಮಡಚುವವರಿಗೇ ಬಿಡಬಹುದು.

ಹೆಚ್ಚಿನವರು ಮೊದಲನೆಯದಕ್ಕೇ ಕೈ ಹಾಕುತ್ತಾರೆ. ಬಟನ್ ಒತ್ತಿದರೆ ಆಯಿತು ಅನ್ನುವ ನಂಬಿಕೆ. ಕೆಲವು ಸಲ ಆಗುತ್ತದೆ ಕೂಡ. ಆಗದಿದ್ದಾಗ ಎರರ್ ಮೆಸೇಜ್ ಜೊತೆ ಅರ್ಧ ದಿನ ಗುದ್ದಾಡುತ್ತಾರೆ, ಆಮೇಲೆ ಸಾಫ್ಟ್‌ವೇರ್ ಬದಲಾಯಿಸುವ ಯೋಚನೆ ಮಾಡುತ್ತಾರೆ. ನನ್ನ ಪ್ರಕಾರ ದಾರಿ ಆರಿಸಬೇಕಾದ್ದು ಸಾಫ್ಟ್‌ವೇರ್ ನೋಡಿ ಅಲ್ಲ. ಮಾಡೆಲ್ ನೋಡಿ, ಆಮೇಲೆ ಆ ತಗಡನ್ನು ಮಡಚುವ ಯಂತ್ರ ನೋಡಿ. ಇವೆರಡು ಗೊತ್ತಿದ್ದರೆ ದಾರಿ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಮಾಡೆಲನ್ನು ಅಳೆದು ನೋಡಿ

ಯಾವ ಬಟನ್ ಒತ್ತುವ ಮೊದಲೂ ಮೆಷರ್ ಟೂಲ್ ತೆಗೆದುಕೊಳ್ಳಿ. ಎಲ್ಲ ಗೋಡೆಗಳ ದಪ್ಪ ಒಂದೇ ಇದೆಯೇ? ಹತ್ತಿರ ಹತ್ತಿರ ಒಂದೇ ಇದ್ದರೆ ಸಾಲದು, ಪೂರ್ತಿ ಒಂದೇ ಇರಬೇಕು. ಬೇರೆ ಕಡೆಯಿಂದ ಬಂದ ಸ್ಟೆಪ್ ಫೈಲ್‌ನಲ್ಲಿ ಒಂದು ಗೋಡೆ 2 ಮಿ.ಮೀ., ಇನ್ನೊಂದು 1.998 ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅಷ್ಟಕ್ಕೇ ಸಾಫ್ಟ್‌ವೇರ್ ಬಿಡಿಸಲು ಒಪ್ಪದೇ ಹೋಗಬಹುದು.

ಮುಂದಿನದು ಮೂಲೆಗಳು. ಮಡಚಿದ ಜಾಗದಲ್ಲಿ ಒಳಗಿನ ರೇಡಿಯಸ್ 2 ಇದ್ದು ದಪ್ಪ 2 ಇದ್ದರೆ, ಹೊರಗಿನ ರೇಡಿಯಸ್ 4 ಇರಲೇಬೇಕು. ಸಾಲಿಡ್ ಮಾಡೆಲ್ ಮಾಡುವವರು ಚೆಂದ ಕಾಣಲಿ ಅಂತ ಒಳಗೂ ಹೊರಗೂ ಒಂದೇ ಅಳತೆಯ ಫಿಲೆಟ್ (ಮೂಲೆಯ ದುಂಡು) ಕೊಟ್ಟಿರುತ್ತಾರೆ. ಆಗ ಮೂಲೆಯಲ್ಲಿ ದಪ್ಪ ಬದಲಾಗುತ್ತದೆ. ಅದು ಮಡಚಿದ ತಗಡು ಅಲ್ಲ, ಎರಕ ಹೊಯ್ದ ವಸ್ತು. ಕನ್ವರ್ಟ್ ಆಗದ ಮಾಡೆಲ್‌ಗಳಲ್ಲಿ ನಾನು ಮೊದಲು ಹುಡುಕುವ ತಪ್ಪು ಇದೇ.

ಮೂರನೆಯದು, ಬಿಡಿಸಲು ಎಲ್ಲಾದರೂ ಸೀಳು ಇದೆಯೇ? ಶೆಲ್ ಮಾಡಿದ, ಅಂದರೆ ಒಳಗನ್ನು ಟೊಳ್ಳು ಮಾಡಿದ, ಬಾಕ್ಸ್‌ನಲ್ಲಿ ನಾಲ್ಕೂ ಗೋಡೆಗಳು ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಲ್ಲಿ ಸೀಳಬೇಕು ಅಂತ ನೀವು ಹೇಳದೆ ಅದು ಬಿಚ್ಚಿಕೊಳ್ಳುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ದೊಡ್ಡದು: ಬಾಗಿದ ಮೇಲ್ಮೈ ಎಂಥದ್ದು? ಸಿಲಿಂಡರ್ ಮತ್ತು ಶಂಕು ಒಂದೇ ದಿಕ್ಕಿನಲ್ಲಿ ಬಾಗುತ್ತವೆ, ಹಾಗಾಗಿ ಹಿಗ್ಗದೆ ಕುಗ್ಗದೆ ಚಪ್ಪಟೆಯಾಗುತ್ತವೆ. ಗೋಳ, ಗುಮ್ಮಟ, ಕಾರಿನ ಫೆಂಡರ್ ಎರಡು ದಿಕ್ಕಿನಲ್ಲಿ ಬಾಗುತ್ತವೆ. ಇವನ್ನು ಹಿಗ್ಗಿಸದೆ ಚಪ್ಪಟೆ ಮಾಡಲು ಸಾಧ್ಯವೇ ಇಲ್ಲ. ಗಣಿತಜ್ಞ ಗೌಸ್ 1827ರಲ್ಲೇ ಇದನ್ನು ಸಾಧಿಸಿ ತೋರಿಸಿದ್ದಾರೆ. ಯಾವ ಸಾಫ್ಟ್‌ವೇರ್ ಕೊಂಡರೂ ಇದನ್ನು ದಾಟಲಾಗದು. ಅಂಥ ಭಾಗಕ್ಕೆ ಪ್ರೆಸ್‌ನಲ್ಲಿ ಅಚ್ಚು ಬೇಕು, ಇಲ್ಲವೇ ಆಕಾರವನ್ನೇ ಪಟ್ಟಿಪಟ್ಟಿಯಾಗಿ ಒಡೆದು ಮತ್ತೆ ಡಿಸೈನ್ ಮಾಡಬೇಕು.

ಕನ್ವರ್ಟ್: ಒಂದೇ ಹೆಸರು, ಎರಡು ಬಗೆಯ ಕೆಲಸ

ಕನ್ವರ್ಟ್ ಅನ್ನುವ ಟೂಲ್ ಹೆಚ್ಚುಕಡಿಮೆ ಎಲ್ಲ ಕ್ಯಾಡ್‌ನಲ್ಲೂ ಇದೆ. ಆದರೆ ಒಳಗೆ ನಡೆಯುವ ಕೆಲಸ ಎರಡು ಬಗೆಯದು. ಇದು ಗೊತ್ತಿಲ್ಲದೆ ಜನ ತಪ್ಪು ಟೂಲ್ ಹಿಡಿದು ಒದ್ದಾಡುತ್ತಾರೆ.

ಮೊದಲನೆಯ ಬಗೆ ಇರುವುದನ್ನು ಗುರುತಿಸುತ್ತದೆ. ಮಾಡೆಲ್ ಆಗಲೇ ತೆಳು ಗೋಡೆಗಳಾಗಿ, ಒಂದೇ ದಪ್ಪದಲ್ಲಿದೆ ಅಂತ ಅದು ನಂಬುತ್ತದೆ. ಸಾಲಿಡ್‌ವರ್ಕ್ಸ್‌ನ ಇನ್ಸರ್ಟ್ ಬೆಂಡ್ಸ್ ಹೀಗೆ ಕೆಲಸ ಮಾಡುತ್ತದೆ. ಫ್ಯೂಷನ್ ಮತ್ತು ಇನ್ವೆಂಟರ್‌ನ ಕನ್ವರ್ಟ್ ಟು ಶೀಟ್ ಮೆಟಲ್ ಕೂಡ ಹೀಗೆಯೇ. ಫ್ರೀಕ್ಯಾಡ್‌ನಲ್ಲಿ ಶೀಟ್ ಮೆಟಲ್ ಅನ್ನುವ ಆಡ್-ಆನ್ ಹಾಕಿಕೊಂಡರೆ ಕನ್ವರ್ಟ್ ಅನ್ನುವ ಹೆಜ್ಜೆಯೂ ಬೇಡ. ಒಂದು ಚಪ್ಪಟೆ ಮುಖ ಆರಿಸಿ ಅನ್‌ಫೋಲ್ಡ್ ಒತ್ತಿದರೆ ಸಾಕು. ಆದರೆ ಅಲ್ಲಿ ಬೆಂಡ್‌ನ, ಅಂದರೆ ಮಡಿಕೆಯ, ಸಿಲಿಂಡರ್ ಭಾಗ ಮಾಡೆಲ್‌ನಲ್ಲಿ ಸರಿಯಾಗಿ ಇರಬೇಕು. ಚೂಪು ಮೂಲೆ ಇದ್ದರೆ ಬಿಡಿಸುವುದಿಲ್ಲ. ಉಚಿತ ಸಾಫ್ಟ್‌ವೇರ್ ಅಂತ ಇದನ್ನು ಕಡೆಗಣಿಸಬೇಡಿ. ಹೊರಗಿನಿಂದ ಬಂದ ಸ್ಟೆಪ್ ಫೈಲ್ ಅಚ್ಚುಕಟ್ಟಾಗಿದ್ದರೆ, ನಾನು ಕಂಡ ಮಟ್ಟಿಗೆ ಬೇಗ ಕೆಲಸ ಮುಗಿಯುವ ಜಾಗ ಇದು.

ಎರಡನೆಯ ಬಗೆ ಮಾಡೆಲ್ ಮೇಲೆ ಹೊಸ ತಗಡು ಹೊದಿಸುತ್ತದೆ. ಸಾಲಿಡ್‌ವರ್ಕ್ಸ್‌ನ ಕನ್ವರ್ಟ್ ಟು ಶೀಟ್ ಮೆಟಲ್ ಮತ್ತು ಆನ್‌ಶೇಪ್‌ನ ಕನ್ವರ್ಟ್ ಈ ಜಾತಿಯವು. ಇಲ್ಲಿ ಮಾಡೆಲ್ ಗಟ್ಟಿ ದಿಮ್ಮಿಯಾಗಿದ್ದರೂ ನಡೆಯುತ್ತದೆ. ದಪ್ಪ ಏರುಪೇರಾಗಿದ್ದರೂ ತೊಂದರೆ ಇಲ್ಲ. ಯಾವ ಮುಖ ನೆಲದ ಮೇಲೆ ನಿಲ್ಲಬೇಕು, ಯಾವ ಅಂಚುಗಳು ಬೆಂಡ್ ಆಗಬೇಕು ಅಂತ ಆರಿಸುತ್ತೀರಿ. ಸೀಳಬೇಕಾದ ಅಂಚುಗಳನ್ನು ಸಾಲಿಡ್‌ವರ್ಕ್ಸ್ ತಾನೇ ಹುಡುಕಿ ಪಟ್ಟಿ ಮಾಡುತ್ತದೆ. ದಪ್ಪ ಒಳಮುಖವಾಗಿ ಹೋಗಬೇಕೋ ಹೊರಮುಖವಾಗಿಯೋ ಅನ್ನುವುದನ್ನೂ ನೀವೇ ಹೇಳುತ್ತೀರಿ. ಅದನ್ನು ನೋಡದೆ ಓಕೆ ಒತ್ತಬೇಡಿ. ದಿಕ್ಕು ತಪ್ಪಿದರೆ ಇಡೀ ಬಾಕ್ಸ್ ಎರಡು ದಪ್ಪದಷ್ಟು ದೊಡ್ಡದೋ ಚಿಕ್ಕದೋ ಆಗಿಬಿಡುತ್ತದೆ.

ಹಾಗಾಗಿ, ಮಾಡೆಲ್ ಶುದ್ಧವಾಗಿದ್ದರೆ ಗುರುತಿಸುವ ಟೂಲ್ ಸಾಕು. ಹೊರಗಿನ ಆಕಾರ ಸರಿಯಿದ್ದು ಒಳಗೆ ಗಜಿಬಿಜಿ ಇದ್ದರೆ ಹೊದಿಸುವ ಟೂಲ್ ಹಿಡಿಯಿರಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹೊದಿಸುವ ಟೂಲ್ ಇಲ್ಲದಿದ್ದರೆ ಕೈಯಿಂದಲೇ ಅದನ್ನು ಮಾಡಬಹುದು: ದಿಮ್ಮಿಯನ್ನು ಶೆಲ್ ಮಾಡಿ, ಮೂಲೆಗಳಲ್ಲಿ ಸಣ್ಣ ಸೀಳು ಕತ್ತರಿಸಿ, ಆಮೇಲೆ ಗುರುತಿಸುವ ಟೂಲ್‌ಗೆ ಕೊಡಿ.

ಗುರುತಿಸುವ ಟೂಲ್ ಹಿಡಿದರೆ ಒಂದು ಮಾತು ನೆನಪಿರಲಿ. ಶೀಟ್ ಮೆಟಲ್ ರೂಲ್‌ನಲ್ಲಿ (ದಪ್ಪ, ರೇಡಿಯಸ್ ಮುಂತಾದ ಸೆಟ್ಟಿಂಗ್‌ಗಳ ಪಟ್ಟಿ) ಬರೆದಿರುವ ದಪ್ಪ ಮತ್ತು ಮಾಡೆಲ್‌ನ ದಪ್ಪ ಒಂದೇ ಸಂಖ್ಯೆ ಆಗಿರಬೇಕು.

ಮತ್ತೆ ಕಟ್ಟುವುದು ಸೋಲಲ್ಲ

ಹೊಸದಾಗಿ ಮಾಡೆಲ್ ಮಾಡು ಅಂದರೆ ಯಾರಿಗೂ ಖುಷಿಯಾಗುವುದಿಲ್ಲ. ಮಾಡಿದ ಕೆಲಸ ವ್ಯರ್ಥ ಆಯಿತು ಅನ್ನಿಸುತ್ತದೆ. ಆದರೂ ಹತ್ತಕ್ಕಿಂತ ಕಡಿಮೆ ಬೆಂಡ್ ಇರುವ ಭಾಗಕ್ಕೆ ನಾನು ಕೊಡುವ ಮೊದಲ ಸಲಹೆ ಇದೇ. ಕನ್ವರ್ಟ್ ಒಂದೆರಡು ಸಲ ಕೈಕೊಟ್ಟಿತು ಅಂದರೆ ಅಲ್ಲಿಗೆ ನಿಲ್ಲಿಸಿ, ಬೇಸ್ ಫ್ಲ್ಯಾಂಜ್ (ತಗಡಿನ ಮೊದಲ ಚಪ್ಪಟೆ ಗೋಡೆ) ಹಾಕಿ ಶುರು ಮಾಡಿ.

ಕಾರಣ ಇದೆ. ಫ್ಲ್ಯಾಂಜ್ ಟೂಲ್‌ನಲ್ಲಿ ಕಟ್ಟಿದ ಭಾಗ ಹುಟ್ಟಿನಿಂದಲೇ ತಗಡು. ದಪ್ಪವನ್ನು ಒಂದೇ ಕಡೆ ಬದಲಾಯಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಎರಡು ಬೆಂಡ್ ಸೇರುವ ಮೂಲೆಯಲ್ಲಿ ತಗಡು ಹರಿಯದಂತೆ ಬೇಕಾದ ಕಚ್ಚು, ಅಂದರೆ ಬೆಂಡ್ ರಿಲೀಫ್, ತಾನಾಗಿಯೇ ಬರುತ್ತದೆ. ಸಾಮಾನ್ಯವಾಗಿ ಅದರ ಅಗಲ ತಗಡಿನ ದಪ್ಪಕ್ಕಿಂತ ಕಡಿಮೆ ಇರಬಾರದು. ಆಳ ಬೆಂಡ್‌ನ ಗೆರೆಯನ್ನು ದಾಟಿ ಹೋಗಬೇಕು. ಕನ್ವರ್ಟ್ ಮಾಡಿದ ಮಾಡೆಲ್‌ನಲ್ಲಿ ಇಂಥದ್ದನ್ನು ಒಂದೊಂದಾಗಿ ಕೂತು ಸರಿಮಾಡಬೇಕಾಗುತ್ತದೆ.

ಹಳೆಯ ಸಾಲಿಡ್ ಮಾಡೆಲನ್ನು ಅಳಿಸಬೇಡಿ. ಅದನ್ನು ಅದೇ ಫೈಲ್‌ನಲ್ಲಿ ಪಾರದರ್ಶಕವಾಗಿ ಇಟ್ಟುಕೊಂಡು, ಅದರ ಮುಖಗಳ ಮೇಲೆಯೇ ಸ್ಕೆಚ್ ಮಾಡಿ. ಮುಗಿದ ಮೇಲೆ ಎರಡೂ ಬಾಡಿಗಳನ್ನು ಒಂದರಿಂದ ಒಂದು ಕಳೆದು ನೋಡಿ. ಮೂಲೆಗಳಲ್ಲಿ ಮಾತ್ರ ಸಣ್ಣ ಚೂರುಗಳು ಉಳಿದರೆ ಹೊಸ ಮಾಡೆಲ್ ಸರಿಯಿದೆ. ಗೋಡೆ ಉದ್ದಕ್ಕೂ ಪದರ ಉಳಿದರೆ ಎಲ್ಲೋ ಒಳ ಅಳತೆ, ಹೊರ ಅಳತೆ ಅದಲುಬದಲಾಗಿದೆ.

ಹೀಗೆ ಕಟ್ಟುವಾಗಲೇ ಇನ್ನೊಂದು ಲಾಭ ಸಿಗುತ್ತದೆ. ಬೆಂಡ್‌ಗೆ ತೀರಾ ಹತ್ತಿರ ಇರುವ ತೂತು, ಯಂತ್ರಕ್ಕೆ ಹಿಡಿಯಲಾಗದಷ್ಟು ಗಿಡ್ಡ ಫ್ಲ್ಯಾಂಜ್ ಕಣ್ಣಿಗೆ ಬೀಳುತ್ತವೆ. ಬೆಂಡ್ ಪಕ್ಕದ ತೂತು ಮಡಚುವಾಗ ಎಳೆದುಕೊಂಡು ಮೊಟ್ಟೆಯಾಕಾರ ಆಗುತ್ತದೆ. ಒಳ ರೇಡಿಯಸ್‌ಗೆ ದಪ್ಪದ ಎರಡೂವರೆ ಪಟ್ಟು ಸೇರಿಸಿದಷ್ಟು ದೂರ ಬಿಟ್ಟರೆ ಸಾಮಾನ್ಯವಾಗಿ ಕ್ಷೇಮ.

ಯಾವ ದಾರಿ ಹಿಡಿದರೂ ತಪ್ಪದ ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ದಾರಿಗಳ ನಡುವಿನ ವ್ಯತ್ಯಾಸಕ್ಕಿಂತ, ಅವುಗಳಿಗೆ ಕೊಡುವ ಸಂಖ್ಯೆಗಳ ವ್ಯತ್ಯಾಸ ಜಾಸ್ತಿ ಪೆಟ್ಟು ಕೊಡುತ್ತದೆ.

ತಗಡು ಮಡಚಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಎಲ್ಲೋ ಒಂದು ಪದರ ಹಿಗ್ಗದೆ ಕುಗ್ಗದೆ ಉಳಿಯುತ್ತದೆ. ಒಳಮೈಯಿಂದ ಆ ಪದರ ಎಷ್ಟು ದೂರ ಇದೆ ಅನ್ನುವುದನ್ನು ದಪ್ಪದಿಂದ ಭಾಗಿಸಿದರೆ ಸಿಗುವುದೇ ಕೆ-ಫ್ಯಾಕ್ಟರ್. ಸಾಮಾನ್ಯವಾಗಿ 0.3ರಿಂದ 0.5ರ ನಡುವೆ ಇರುತ್ತದೆ. 90 ಡಿಗ್ರಿ ಬೆಂಡ್‌ಗೆ ಬೇಕಾಗುವ ತಗಡಿನ ಉದ್ದ, ಅಂದರೆ ಬೆಂಡ್ ಅಲೋಯನ್ಸ್, ಹೀಗೆ ಬರುತ್ತದೆ: ಕೆ-ಫ್ಯಾಕ್ಟರನ್ನು ದಪ್ಪದಿಂದ ಗುಣಿಸಿ, ಒಳ ರೇಡಿಯಸ್ ಕೂಡಿಸಿ, ಬಂದದ್ದನ್ನು 1.5708ರಿಂದ ಗುಣಿಸಿ.

ಉದಾಹರಣೆಗೆ ದಪ್ಪ 2 ಮಿ.ಮೀ., ಒಳ ರೇಡಿಯಸ್ 2 ಮಿ.ಮೀ., ಕೆ-ಫ್ಯಾಕ್ಟರ್ 0.44. ಅಲೋಯನ್ಸ್ 4.52 ಮಿ.ಮೀ. ಆಗುತ್ತದೆ. ಹೊರ ಅಳತೆ 50 ಮತ್ತು 30 ಇರುವ ಎಲ್ ಆಕಾರದ ಬ್ರಾಕೆಟ್ ತೆಗೆದುಕೊಳ್ಳಿ. ಎರಡೂ ಕಡೆ ರೇಡಿಯಸ್ ಮತ್ತು ದಪ್ಪ ಸೇರಿ 4 ಮಿ.ಮೀ. ಬಿಟ್ಟರೆ ನೇರ ಭಾಗಗಳು 46 ಮತ್ತು 26. ಅಲೋಯನ್ಸ್ ಸೇರಿಸಿದರೆ ಫ್ಲಾಟ್ ಉದ್ದ 76.52. ಅಂದರೆ 80ರಿಂದ 3.48 ಕಳೆದ ಹಾಗಾಯಿತು. ಈ ಕಳೆಯುವ ಸಂಖ್ಯೆಗೆ ಬೆಂಡ್ ಡಿಡಕ್ಷನ್ ಅನ್ನುತ್ತಾರೆ.

ಸಾಲಿಡ್‌ವರ್ಕ್ಸ್ ಮೊದಲೇ ಇಟ್ಟುಕೊಂಡು ಬರುವ ಕೆ-ಫ್ಯಾಕ್ಟರ್ 0.5. ಫ್ಯೂಷನ್, ಇನ್ವೆಂಟರ್‌ನದು 0.44. ಸುಮ್ನೆ ಹಾಗೇ ಬಿಟ್ಟರೆ ಒಂದೇ ಬ್ರಾಕೆಟ್‌ಗೆ ಎರಡು ಕಡೆ ಎರಡು ಉತ್ತರ ಬರುತ್ತದೆ. ಒಂದು ಬೆಂಡ್‌ಗೆ 0.19 ಮಿ.ಮೀ. ವ್ಯತ್ಯಾಸ, ನಾಲ್ಕು ಬೆಂಡ್‌ಗೆ ಮುಕ್ಕಾಲು ಮಿ.ಮೀ. ಯಾವುದೂ ತಪ್ಪಲ್ಲ, ಎರಡೂ ಬರೀ ಊಹೆ.

ಫ್ರೀಕ್ಯಾಡ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಕೆ-ಫ್ಯಾಕ್ಟರನ್ನು ಆನ್ಸಿ (ಅಮೆರಿಕದ ಮಾನದಂಡ) ಅಥವಾ ಡಿನ್ (ಜರ್ಮನಿಯ ಮಾನದಂಡ) ಲೆಕ್ಕದಲ್ಲಿ ಕೊಡಬಹುದು. ಡಿನ್ ಲೆಕ್ಕ ಅರ್ಧ ದಪ್ಪವನ್ನು ಆಧಾರ ಮಾಡಿಕೊಳ್ಳುವುದರಿಂದ ಅದೇ 0.44 ಅಲ್ಲಿ 0.88 ಆಗುತ್ತದೆ. ಸಂಖ್ಯೆ ಒಂದು ಕಡೆಯದು, ಆಯ್ಕೆ ಇನ್ನೊಂದು ಕಡೆಯದು ಆದರೆ ಎಲ್ಲ ಬೆಂಡ್‌ಗಳೂ ಒಟ್ಟಿಗೆ ಕೆಡುತ್ತವೆ.

ಕೆ-ಫ್ಯಾಕ್ಟರ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ರೇಡಿಯಸ್ ಬಗ್ಗೆ ಯೋಚಿಸುವುದೇ ಕಡಿಮೆ. ಅದು ನನಗೆ ಬೇಸರ ತರಿಸುವ ವಿಷಯ, ಯಾಕೆಂದರೆ ರೇಡಿಯಸ್ ತಪ್ಪಿದರೆ ಆಗುವ ಹಾನಿ ಇನ್ನೂ ದೊಡ್ಡದು. ಪ್ರೆಸ್ ಬ್ರೇಕ್‌ನಲ್ಲಿ (ತಗಡು ಮಡಚುವ ಯಂತ್ರ) ಏರ್ ಬೆಂಡಿಂಗ್ ಮಾಡುವಾಗ, ಅಂದರೆ ತಗಡನ್ನು ಡೈ ತಳಕ್ಕೆ ಮುಟ್ಟಿಸದೆ ಮಡಚುವಾಗ, ಒಳ ರೇಡಿಯಸ್ ನಿರ್ಧಾರ ಆಗುವುದು ನಿಮ್ಮ ಮಾಡೆಲ್‌ನಿಂದ ಅಲ್ಲ, ಕೆಳಗಿನ ವಿ-ಡೈ (ವಿ ಆಕಾರದ ಅಚ್ಚು) ಬಾಯಿಯ ಅಗಲದಿಂದ. ಮೈಲ್ಡ್ ಸ್ಟೀಲ್‌ಗೆ ಆ ಅಗಲದ ಸುಮಾರು ಶೇ. 16ರಷ್ಟು, ಸ್ಟೇನ್‌ಲೆಸ್ ಸ್ಟೀಲ್‌ಗೆ ಸುಮಾರು ಶೇ. 20ರಷ್ಟು ರೇಡಿಯಸ್ ಬರುತ್ತದೆ. 2 ಮಿ.ಮೀ. ಶೀಟ್‌ಗೆ ರೂಢಿಯಂತೆ ದಪ್ಪದ ಎಂಟು ಪಟ್ಟು, ಅಂದರೆ 16 ಮಿ.ಮೀ. ಡೈ ಹಾಕಿದರೆ ಮೈಲ್ಡ್ ಸ್ಟೀಲ್‌ನಲ್ಲಿ ರೇಡಿಯಸ್ ಸುಮಾರು 2.5 ಮಿ.ಮೀ. ನೀವು ಮಾಡೆಲ್‌ನಲ್ಲಿ 1 ಮಿ.ಮೀ. ಕೊಟ್ಟಿದ್ದರೆ ಡಿಡಕ್ಷನ್ 3.05 ಅಂತ ಸಾಫ್ಟ್‌ವೇರ್ ಹೇಳುತ್ತದೆ. ನಿಜವಾಗಿ ಬೇಕಾಗಿರುವುದು 3.69. ಒಂದೊಂದು ಬೆಂಡ್‌ಗೂ 0.64 ಮಿ.ಮೀ. ಜಾಸ್ತಿ ತಗಡು ಉಳಿಯುತ್ತದೆ.

ಈ ಊಹೆಗಳಿಂದ ಹೊರಬರಲು ಸುಲಭ ದಾರಿ ಟೆಸ್ಟ್ ಬೆಂಡ್. ಅದೇ ತಗಡಿನಿಂದ ಸರಿಯಾಗಿ 100 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ಅದೇ ಡೈನಲ್ಲಿ 90 ಡಿಗ್ರಿ ಮಡಚಿಸಿ. ಕೋನ ನಿಜಕ್ಕೂ 90 ಇದೆಯೇ ನೋಡಿ, ಯಾಕೆಂದರೆ ತಗಡು ಮಡಚಿದ ಮೇಲೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಎರಡೂ ಕಾಲುಗಳ ಹೊರ ಅಳತೆ ಕೂಡಿಸಿದಾಗ 103.5 ಬಂತು ಅಂದುಕೊಳ್ಳಿ. ಡಿಡಕ್ಷನ್ 3.5. ಅಷ್ಟೇ. ರೇಡಿಯಸ್ 2 ಅಂತ ಅಳೆದಿದ್ದರೆ ಕೆ-ಫ್ಯಾಕ್ಟರ್ 0.43 ಆಗುತ್ತದೆ. ಈ ಸಂಖ್ಯೆಯನ್ನು ಬೆಂಡ್ ಟೇಬಲ್‌ಗೆ, ಅಂದರೆ ಇಂಥ ಸಂಖ್ಯೆಗಳ ಪಟ್ಟಿಗೆ, ಹಾಕಿಡಿ. ಮಡಚುವವರ ಹತ್ತಿರ ಇಂಥ ಟೇಬಲ್ ಆಗಲೇ ಇದ್ದರೆ ಕೇಳಿ ತೆಗೆದುಕೊಳ್ಳಿ. ಯಾವ ಪುಸ್ತಕದ ಕೋಷ್ಟಕಕ್ಕಿಂತಲೂ ಅದೇ ಮೇಲು.

ಬಾಗಿದ ಭಾಗಗಳಿಗೆ: ರೋಲ್, ಲಾಫ್ಟ್, ಮೇಲ್ಮೈ ಹಾಸುವುದು

ಉರುಳಿಸಿ ಮಾಡುವ ಕೊಳವೆ, ಶಂಕುಗಳಿಗೆ ಕನ್ವರ್ಟ್ ಅಷ್ಟು ಬೇಕಾಗಿಲ್ಲ. ಮಾಡೆಲ್‌ನಲ್ಲಿ ಸಣ್ಣ ಸೀಳು ಬಿಟ್ಟರೆ ಹೆಚ್ಚಿನ ಟೂಲ್‌ಗಳು ಬಿಡಿಸುತ್ತವೆ. ಕೈಲೆಕ್ಕವೂ ಸುಲಭ. ರೇಡಿಯಸ್ ದಪ್ಪಕ್ಕಿಂತ ತುಂಬಾ ದೊಡ್ಡದಿರುವುದರಿಂದ ಹಿಗ್ಗದ ಪದರ ನಟ್ಟನಡುವೆ ಇರುತ್ತದೆ. ಹಾಗಾಗಿ ನಡು ವ್ಯಾಸ ತೆಗೆದುಕೊಳ್ಳಬೇಕು. ಹೊರ ವ್ಯಾಸ 200, ದಪ್ಪ 3 ಇದ್ದರೆ ಉದ್ದ 197ರ ಸುತ್ತಳತೆ, ಅಂದರೆ 618.9 ಮಿ.ಮೀ. ಹೊರ ವ್ಯಾಸ ಹಿಡಿದರೆ 628.3 ಬರುತ್ತದೆ, ಪೂರ್ತಿ 9.4 ಮಿ.ಮೀ. ಜಾಸ್ತಿ. ಮೊನಚಿನವರೆಗೂ ಹೋಗುವ ಶಂಕುವಾದರೆ ತಳದ ತ್ರಿಜ್ಯವನ್ನು ಇಳಿಜಾರಿನ ಉದ್ದದಿಂದ ಭಾಗಿಸಿ 360ರಿಂದ ಗುಣಿಸಿ. ತ್ರಿಜ್ಯ 100, ಇಳಿಜಾರು 250 ಇದ್ದರೆ 144 ಡಿಗ್ರಿಯ ವೃತ್ತಖಂಡ ಸಿಗುತ್ತದೆ.

ಚೌಕದಿಂದ ವೃತ್ತಕ್ಕೆ ಹೋಗುವ ಡಕ್ಟ್ ಬೇರೆ ಕಥೆ. ಸಾಮಾನ್ಯ ಲಾಫ್ಟ್‌ನಲ್ಲಿ (ಎರಡು ಆಕಾರಗಳ ನಡುವೆ ಮೈ ಬೆಸೆಯುವ ಟೂಲ್) ಮಾಡಿದ ಸಾಲಿಡ್ ಎರಡು ದಿಕ್ಕಿನಲ್ಲಿ ಬಾಗಿರುತ್ತದೆ, ಬಿಚ್ಚುವುದಿಲ್ಲ. ಇದನ್ನು ಕನ್ವರ್ಟ್ ಮಾಡಲು ಹೋಗಲೇಬೇಡಿ. ಶೀಟ್ ಮೆಟಲ್‌ನ ಲಾಫ್ಟೆಡ್ ಬೆಂಡ್ ಟೂಲ್‌ನಲ್ಲಿ ಹೊಸದಾಗಿ ಮಾಡಿ. ಪ್ರೆಸ್ ಬ್ರೇಕ್‌ನಲ್ಲಿ ಮಾಡಿಸುವುದಾದರೆ ಬಾಗುವ ಮೂಲೆಗಳನ್ನು ನೇರ ಬೆಂಡ್‌ಗಳಾಗಿ ಒಡೆಯುವ ಆಯ್ಕೆ ಹಿಡಿಯಿರಿ.

ರೈನೋದಂಥ ಸಾಫ್ಟ್‌ವೇರ್‌ನಲ್ಲಿ ಮೇಲ್ಮೈ ಹಾಸುವ ಕಮಾಂಡ್‌ಗಳಿವೆ. ಅನ್‌ರೋಲ್ ಒಂದೇ ದಿಕ್ಕಿನಲ್ಲಿ ಬಾಗಿದ ಮೇಲ್ಮೈಗೆ ನಿಖರ ಉತ್ತರ ಕೊಡುತ್ತದೆ. ಸ್ಕ್ವಿಶ್ ಎರಡು ದಿಕ್ಕಿನಲ್ಲಿ ಬಾಗಿದ್ದಕ್ಕೆ ಅಂದಾಜು ಕೊಡುತ್ತದೆ. ಸಾಲಿಡ್‌ವರ್ಕ್ಸ್‌ನ ಪ್ರೀಮಿಯಂ ಆವೃತ್ತಿಯಲ್ಲಿರುವ ಸರ್ಫೇಸ್ ಫ್ಲ್ಯಾಟನ್ ಎಲ್ಲಿ ಎಷ್ಟು ಹಿಗ್ಗುತ್ತದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಇವು ಯಾವುದಕ್ಕೂ ದಪ್ಪ ಗೊತ್ತಿಲ್ಲ. ಒಳಮೈ ಹಾಸಿದರೆ ಚಿಕ್ಕದು, ಹೊರಮೈ ಹಾಸಿದರೆ ದೊಡ್ಡದು. ನಡು ಪದರವನ್ನು ಆಫ್‌ಸೆಟ್ ಮಾಡಿ ತೆಗೆದು, ಅದನ್ನೇ ಹಾಸಿ.

ಎಸ್‌ಟಿಎಲ್ (ಮೇಲ್ಮೈಯನ್ನು ತ್ರಿಕೋನಗಳಲ್ಲಿ ಇಡುವ ಫೈಲ್) ಮಾತ್ರ ಕೈಯಲ್ಲಿದ್ದರೆ ಬ್ಲೆಂಡರ್‌ನ ಪೇಪರ್ ಮಾಡೆಲ್ ಆಡ್-ಆನ್ ಅದನ್ನು ತ್ರಿಕೋನಗಳಾಗಿ ಬಿಡಿಸುತ್ತದೆ. ರಟ್ಟಿನ ಟೆಂಪ್ಲೇಟ್‌ಗೆ ಅದು ಸಾಕು. ಮಡಚುವ ತಗಡಿಗೆ ನಂಬಬೇಡಿ.

ಕೈಲೆಕ್ಕವೋ, ಸ್ಟೆಪ್ ಫೈಲೋ?

ಎಲ್, ಯು, ಝಡ್ ಆಕಾರದ ಒಂದೆರಡು ಬೆಂಡ್‌ಗೆ ಕೈಲೆಕ್ಕವೇ ಸಾಕು. ಕ್ಯಾಡ್ ಕೊಟ್ಟ ಉತ್ತರ ಸರಿಯೇ ಅಂತ ನೋಡಲೂ ಇದು ಬೇಕು. ದೊಡ್ಡ ಭಾಗದಲ್ಲೂ ಒಂದು ಬೆಂಡ್ ಆರಿಸಿ ಲೆಕ್ಕ ಹಾಕಿ, ಪರದೆಯ ಸಂಖ್ಯೆಗೆ ಹೋಲಿಸಿ ನೋಡಿ.

ಸ್ಟೆಪ್ ಫೈಲ್ ಕೊಟ್ಟು ಬಿಡುವುದನ್ನು ಸೋಮಾರಿತನ ಅಂತ ತಿಳಿಯಬೇಡಿ. ಮಡಚುವವರ ಸಾಫ್ಟ್‌ವೇರ್‌ನಲ್ಲಿ ಅವರ ಡೈ, ಅವರ ತಗಡಿನ ಅನುಭವದ ಸಂಖ್ಯೆಗಳೇ ಇರುತ್ತವೆ. ಅಳತೆ ಬಿಗಿಯಾಗಿ ಬೇಕಾದ ಭಾಗಕ್ಕೆ ನಾನು ಇದನ್ನೇ ಇಷ್ಟಪಡುತ್ತೇನೆ. ಆದರೆ ಮೂಲೆಯ ಸೀಳು ಎಲ್ಲಿ ಬರುತ್ತದೆ, ಯಾವ ಗೋಡೆ ಯಾವುದರ ಮೇಲೆ ಕೂರುತ್ತದೆ ಅನ್ನುವುದನ್ನು ಅವರೇ ನಿರ್ಧರಿಸಿಬಿಡಬಹುದು. ವೆಲ್ಡಿಂಗ್ ಗೆರೆ ಕಾಣಬಾರದ ಕವರ್ ಆದರೆ ಅದು ಸರಿಹೋಗದು. ಡ್ರಾಯಿಂಗ್‌ನಲ್ಲಿ ದಪ್ಪ, ಲೋಹ, ಯಾವ ಅಳತೆ ಒಳಗಿನದು ಯಾವುದು ಹೊರಗಿನದು, ರೇಡಿಯಸ್ ಬದಲಾದರೆ ಪರವಾಗಿಲ್ಲವೇ ಅನ್ನುವುದನ್ನು ಬರೆಯಿರಿ.

ನೀವೇ ಡಿಎಕ್ಸ್‌ಎಫ್ (ಫ್ಲಾಟ್ ಪ್ಯಾಟರ್ನ್‌ನ ಗೆರೆ ನಕ್ಷೆಯ ಫೈಲ್) ಕೊಡುವುದಾದರೆ ಬೆಂಡ್ ಗೆರೆಗಳನ್ನು ಬೇರೆ ಲೇಯರ್‌ನಲ್ಲಿಡಿ, ಇಲ್ಲದಿದ್ದರೆ ಲೇಸರ್ ಅವನ್ನೂ ಕತ್ತರಿಸಿಬಿಡಬಹುದು. ಪ್ರತಿ ಬೆಂಡ್ ಮೇಲಕ್ಕೋ ಕೆಳಕ್ಕೋ ಬರೆಯಿರಿ. ಫೈಲನ್ನು ಮತ್ತೆ ತೆರೆದು ಒಂದು ಗೊತ್ತಿರುವ ಅಳತೆ ನೋಡಿ, ಮಿಲಿಮೀಟರ್ ಹೋಗಿ ಇಂಚು ಆಗಿರುವುದು ಅಪರೂಪವೇನಲ್ಲ. ಲೇಸರ್ ಕಿರಣದ ಅಗಲಕ್ಕೆ ನೀವು ಏನೂ ಕಳೆಯಬೇಡಿ, ಅದನ್ನು ಕಟಿಂಗ್ ಯಂತ್ರದವರು ನೋಡಿಕೊಳ್ಳುತ್ತಾರೆ.

ಎರಡೂ ಫೈಲ್ ಕೊಡುತ್ತೀರಾದರೆ ಯಾವುದು ಅಂತಿಮ ಅನ್ನುವುದನ್ನು ಡ್ರಾಯಿಂಗ್ ಮೇಲೆಯೇ ಬರೆಯಿರಿ. ನಾನು ಮಡಚಿದ ಸ್ಟೆಪ್ ಮಾಡೆಲ್ ಅಂತಿಮ, ಡಿಎಕ್ಸ್‌ಎಫ್ ಮಾಹಿತಿಗಾಗಿ ಅಂತ ಬರೆಯುತ್ತೇನೆ. ಆಗ ಮಡಚುವವರು ಡೈ ಬದಲಾಯಿಸಿದರೂ ಫ್ಲಾಟನ್ನು ತಾವೇ ತಿದ್ದಿಕೊಳ್ಳುತ್ತಾರೆ, ಮುಗಿದ ಭಾಗದ ಅಳತೆ ಹಾಗೆಯೇ ಉಳಿಯುತ್ತದೆ.